ಹೊತ್ತು ಮುಳುಗಿದ ಮೇಲಿನ ಗಂಜಿ

ದಂಡಿಗನಹಳ್ಳಿ ಕಡೆಯಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಗಾಡಿದಾರಿಯ ಪಕ್ಕದಲ್ಲೇ ರುದ್ರಯ್ಯನ ತೋಟ. ತೋಟ ಅಂದರೆ ಏನು ಮಹಾ! ಎಪ್ಪತ್ತು ತೆಂಗಿನ ಮರ, ಒಂದಿಷ್ಟು ಬಾಳೆ, ಕಪಿಲೆ ಬಾವಿ, ಎರಡು ಎಮ್ಮೆ. ಆದರೆ ದಾರಿಹೋಕರು ಯಾರೇ ಬಂದರೂ ಜಗಲಿ ಬಿಟ್ಟುಕೊಟ್ಟು ಹೊಟ್ಟೆ ತುಂಬಿಸಿ ಕಳಿಸುವುದು ಆ ಮನೆಯಲ್ಲಿ ಅತ್ತೆಯ ಕಾಲದಿಂದ ನಡೆದುಬಂದ ಪದ್ಧತಿ. ಆ ಹೆಸರನ್ನು ಸೊಸೆ, ಅಂದರೆ ರುದ್ರಯ್ಯನ ಹೆಂಡತಿ ನೀಲಗಂಗಮ್ಮ ಉಳಿಸಿಕೊಂಡಳು ಅಂತ ಊರಿನವರು ಹೇಳುತ್ತಿದ್ದರು. ಅವಳನ್ನೇ ಕೇಳಿದ್ದರೆ ತಲೆ ತಗ್ಗಿಸಿ ಒಳಗೆ ಹೋಗಿಬಿಡುತ್ತಿದ್ದಳು.

ಮೊದಲು ಹಾಗಿರಲಿಲ್ಲ. ಬಾಯಿ ಬಲು ಜೋರು, ಕೈ ಅದಕ್ಕಿಂತ ಜೋರು. ಬೈದುಕೊಂಡೇ ಬಡಿಸುತ್ತಿದ್ದಳು. "ಇದೇನ್ಲಾ, ಗುಬ್ಬಿ ತಿಂದಂಗೆ ತಿಂತಿದ್ದೀಯ? ನಮ್ಮನೆ ಮಾನ ಕಳೀಬೇಕು ಅಂತ ಬಂದಿದ್ದೀಯಾ?" ಎಂದು ಇನ್ನೊಂದು ಮುದ್ದೆಯನ್ನು ಎಲೆಗೆ ತಟ್ಟಿಬಿಡುವಳು. ರುದ್ರಯ್ಯನ ಮನೆಯಲ್ಲಿ ಹಸಿದು ಮಲಗಿದವರಿಲ್ಲ ಅಂತ ಯಾರಾದರೂ ಅಂದರೆ ಸಾಕು, ಆ ದಿನವೆಲ್ಲ ಅವಳಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹಿತ್ತಲ ಜಗಲಿಯಲ್ಲಿ ಬೇರೆಯಾಗಿ ಮೂರು ಕಲ್ಲಿನ ಒಲೆಯೊಂದಿತ್ತು. ಅದು ಬೆಳಗೊಳದ ಕಡೆ ಹೋಗುವ ಜೈನರಿಗೆ. ಅವರು ಇನ್ನೊಬ್ಬರು ಬೇಯಿಸಿದ್ದನ್ನು ಮುಟ್ಟುವುದಿಲ್ಲ, ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನನ್ನೂ ಹಾಕುವುದಿಲ್ಲ. ಮನೆಯವಳು ಮಾಡಬೇಕಾದ್ದು ಇಷ್ಟೇ: ಒಣಗಿದ ಸೌದೆ, ಸೇದಿದ ನೀರು, ಒಂದು ಲೋಟ ಹಾಲು. ಆದರೆ ಹೊತ್ತಿಗೆ ಸರಿಯಾಗಿ ಕೊಡಬೇಕು.

ಜಿನನಾಥಪುರದ ಮರುದೇವಮ್ಮ ವರ್ಷಕ್ಕೊಮ್ಮೆ ಹಾಸನಕ್ಕೆ ಹೋಗಿ, ಮಗಳನ್ನು ನೋಡಿಕೊಂಡು ಬರುವಾಗ ಆ ಒಲೆಯ ಮುಂದೆ ಕೂರುವ ಮುದುಕಿ. ಗಂಡ ಹೋದ ದಿನದಿಂದ ದಿನಕ್ಕೆ ಒಂದೇ ಊಟ. ಎರಡೂ ಕಣ್ಣಿಗೆ ಪೊರೆ ಬಂದು ಬೆಂಕಿಯೂ ಒಂದೇ, ಬಿಸಿಲೂ ಒಂದೇ ಆಗಿತ್ತು. ಗಂಜಿಯನ್ನು ಕೈ ಅಂದಾಜಿನಲ್ಲೇ ಬೇಯಿಸಿಕೊಳ್ಳುತ್ತಿದ್ದಳು.

ಮೂವತ್ತೊಂಬತ್ತನೇ ಇಸವಿಯ ಮಾಗಿಯಲ್ಲಿ ಅವಳ ಗಾಡಿ ಬಂದಾಗ ಮಧ್ಯಾಹ್ನ ಮೀರಿತ್ತು. ಗಾಡಿ ಹೊಡೆಯುವ ದೇವಯ್ಯ ಅವಳನ್ನು ಒಲೆಯ ಮುಂದೆ ಕೂರಿಸಿ ಎತ್ತುಗಳನ್ನು ಮೇಯಿಸಿಕೊಂಡು ಬರಲು ಕೆರೆಯ ಕಡೆಗೆ ಹೊಡೆದುಕೊಂಡು ಹೋದ. "ನೀಲಾ, ನಾಲ್ಕು ಕಡ್ಡಿ ಸೌದೆ ಕೊಡು ತಾಯಿ" ಎಂದಳು ಮರುದೇವಮ್ಮ. "ತಂದೆ ಕಣವ್ವ, ಒಂದು ಗಳಿಗೆ" ಎಂದು ನೀಲಗಂಗಮ್ಮ ತಿರುಗಿದಳೋ ಇಲ್ಲವೋ, ಬೇಲಿಯ ಹತ್ತಿರ ಮೋಟಾರು ಕಾರೊಂದು ಬುಸ್ಸೆಂದು ನಿಂತಿತು.

ರಾಮನಾಥಪುರದ ಹೊಗೆಸೊಪ್ಪಿನ ವ್ಯಾಪಾರಿಗಳು, ಮೂವರು. ಚಕ್ರದ ಗಾಳಿ ಹೋಗಿತ್ತು. ಆ ದಾರಿಯಲ್ಲಿ ಕಾರು ನಿಂತದ್ದೇ ಮೊದಲು, ಅದರಲ್ಲೂ ತನ್ನ ಮನೆಯ ಮುಂದೆ! ನೀಲಗಂಗಮ್ಮನಿಗೆ ಹಿಂದುಮುಂದು ತೋಚಲಿಲ್ಲ. ಇದ್ದ ಒಣಸೌದೆಯನ್ನೆಲ್ಲ ತನ್ನ ಒಲೆಗೆ ತುಂಬಿ ಉಪ್ಪಿಟ್ಟು ತಿರುವಿದಳು, ಕಾಫಿ ಕಾಸಿದಳು. ಇಂಥ ಕಾಫಿ ಮೈಸೂರಿನಲ್ಲೂ ಕುಡಿದಿಲ್ಲ ಅಂತ ಅವರಲ್ಲೊಬ್ಬ ಅಂದದ್ದೇ ತಡ, ಎರಡನೇ ಸಲ ಕಾಸಿದಳು. ಬಾಗಿಲಿಗೆ ಒರಗಿ ನಿಂತು ಅವರ ಹೊಗಳಿಕೆ ಕೇಳಿದಳು. ಕಾರು ಹೊರಟು ದೂಳು ಅಡಗಿದ ಮೇಲೆ ಮುದುಕಿಯ ನೆನಪಾಯಿತು.

"ಅಯ್ಯೋ ಶಿವನೇ!" ಎಂದು ಓಡಿದಳು. ಮರುದೇವಮ್ಮ ಮಡಿಲಲ್ಲಿ ಮಡಕೆ ಇಟ್ಟುಕೊಂಡು ಹಾಗೇ ಕೂತಿದ್ದಳು. ಒಂದು ಸಲವೂ ಕೂಗಿರಲಿಲ್ಲ.

ಉಳಿದಿದ್ದದ್ದು ಹಸಿ ಗರಿ. ಊದಿ ಊದಿ ನೀಲಗಂಗಮ್ಮನ ಕಣ್ಣು ಕೆಂಪಾಯಿತು. ಗಂಜಿ ಕುದಿ ಬರುವ ಹೊತ್ತಿಗೆ ತೆಂಗಿನ ತುದಿಯಲ್ಲಿದ್ದ ಬಿಸಿಲು ಆರಿತು. ಆರಿದ್ದನ್ನು ಅವಳು ಕಣ್ಣಾರೆ ಕಂಡಳು.

"ನೀಲಾ, ಹೊತ್ತು ಇದೆಯೇನಮ್ಮ? ಇಲ್ಲದಿದ್ದರೆ ಹೇಳಿಬಿಡು. ನಾಳೆ ಕುಡಿದರಾಯಿತು."

"ಐತೆ ಕಣವ್ವ. ತೆಂಗಿನ ತುದೀಲಿ ಇನ್ನೂ ಬಿಸ್ಲೈತೆ. ಕುಡೀರಿ."

ಕನಿಕರಕ್ಕೆ ಹೇಳಿದಳು ಅಂತ ನಾವೂ ಹೇಳಿ ಮುಗಿಸಬಹುದಿತ್ತು. ಅಲ್ಲ. ಕಾರಿನವರಿಗೆ ಎರಡೆರಡು ಸಲ ಕಾಫಿ, ಕುರುಡಿಗೆ ಉಪವಾಸ ಅಂತ ದೇವಯ್ಯ ಊರೂರಲ್ಲಿ ಹೇಳಿಕೊಂಡು ಬಂದರೆ ಮನೆಯ ಹೆಸರು ಏನಾಗಬೇಕು? ಅವಳ ಎದೆಯಲ್ಲಿ ಇದ್ದದ್ದು ಅದು. ಮುದುಕಿ ನಂಬಿ ಕುಡಿದಳು. "ನಿನ್ನ ಹೊಟ್ಟೆ ತಣ್ಣಗಿರಲಿ" ಎಂದು ಹರಸಿದಳು. ದೇವಯ್ಯ ಎತ್ತುಗಳೊಂದಿಗೆ ಹಿಂತಿರುಗುವಷ್ಟರಲ್ಲಿ ಮಡಕೆ ತೊಳೆದಾಗಿತ್ತು.

ಮಾರನೆಯ ದಿನದಿಂದ ಲಿಂಗಪೂಜೆಗೆ ಕೂತರೆ ಅಂಗೈಯ ಲಿಂಗದ ಮೇಲೆ ದೃಷ್ಟಿ ನಿಲ್ಲದು. ಮಡಿಲಲ್ಲಿ ಮಡಕೆ ಇಟ್ಟುಕೊಂಡ ಮುದುಕಿಯೇ ಕಾಣುವಳು. ಕೊನೆಗೆ ತಡೆಯಲಾರದೆ ಗಂಡನಿಗೆ ಹೇಳಿದಳು. ರುದ್ರಯ್ಯ ನಕ್ಕ.

"ಅಸಿದೋರಿಗೆ ಗಂಜಿ ಕುಡಿಸ್ದೆ, ಇದ್ಯಾವ ಪಾಪ? ಸುಮ್ಕಿರು."

"ಕುಡಿಸಿದ್ದಲ್ಲ ಕಣ್ರೀ, ಸುಳ್ಳೇಳಿ ಕುಡಿಸ್ದೆ. ಅಷ್ಟು ವರ್ಷದ ವ್ರತ ನನ್ ಬಾಯಿಂದ ಕೆಟ್ಟೋಯ್ತು" ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಬಂದವರಿಗೆ ಬೈದು ಬಡಿಸುವುದು ಆಮೇಲೆ ನಿಂತುಹೋಯಿತು. ಬಡಿಸುತ್ತಿದ್ದಳು, ಬಾಯಿ ಮಾತ್ರ ಸತ್ತಿತ್ತು. ಮರು ವರ್ಷ ಮುದುಕಿ ಬರಲಿಲ್ಲ. ಅದರ ಮರು ವರ್ಷ ದೇವಯ್ಯ ಖಾಲಿ ಗಾಡಿ ಹೊಡೆದುಕೊಂಡು ಬಂದ.

"ಅವ್ವಾರು ಅನ್ನ ಬಿಟ್ಟವ್ರೆ ಕಣವ್ವ, ಸಲ್ಲೇಖನ. ಇನ್ನು ನೀರೂ ಬಿಡ್ತಾರೆ. ಅದಕ್ ಮುಂಚೆ ಕಂಡೋರತ್ರ ಎಲ್ಲಾ ಕ್ಷಮೆ ಕೇಳ್ಬೇಕಂತೆ. ನಿಮ್ಮುನ್ನ ಕರ್ಕೊಂಬಾ ಅಂದ್ರು."

ನೀಲಗಂಗಮ್ಮ ಉಟ್ಟ ಸೀರೆಯಲ್ಲೇ ಗಾಡಿ ಹತ್ತಿದಳು. ಇವತ್ತು ಹೇಳಿಯೇ ತೀರುವುದು. ಹೇಳಿದರೆ ಇನ್ನೂ ಹೊತ್ತಿದೆ, ಅವರ ಸ್ವಾಮಿಗಳು ಏನಾದರೂ ಪ್ರಾಯಶ್ಚಿತ್ತ ಮಾಡಿಸುತ್ತಾರೆ. ಹೇಳದಿದ್ದರೆ ತನ್ನ ಸುಳ್ಳನ್ನು ಹೊತ್ತುಕೊಂಡೇ ಆ ಜೀವ ಹೋಗುತ್ತದೆ. "ಅವ್ವಾ, ಅವತ್ತು ಹೊತ್ತು ಮುಳುಗಿತ್ತು." ಇಷ್ಟೇ ಮಾತು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದಳು.

ಜಿನನಾಥಪುರದ ಆ ಚಿಕ್ಕ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಾಪೆಯ ಮೇಲೆ ಮರುದೇವಮ್ಮ ಹಿಡಿಯಷ್ಟಾಗಿದ್ದಳು. ದನಿ ಕೇಳಿದ್ದೇ ಕೈ ಚಾಚಿದಳು.

"ನೀಲಾ, ನಿನಗೆ ಎಷ್ಟು ಸಲ ತೊಂದರೆ ಕೊಟ್ಟೆನೋ. ಕ್ಷಮಿಸು ತಾಯಿ. ಮೂವತ್ತೆರಡು ವರ್ಷ ಹೊತ್ತು ಮುಳುಗಿದ ಮೇಲೆ ಒಂದು ಗುಟುಕು ನೀರೂ ಇಳಿಸಿಲ್ಲ. ಕಣ್ಣಿಲ್ಲದ ಮೇಲೂ ಅದು ಉಳಿಯಿತು ಅಂದರೆ ನಿನ್ನಂಥವರಿಂದ."

ನೀಲಗಂಗಮ್ಮ ಆ ಚಾಚಿದ ಕೈಯನ್ನು ಹಿಡಿದುಕೊಂಡಳು. "ಅವ್ವಾ, ನೀವಲ್ಲ, ನಾನು ಕೇಳ್ಬೇಕು. ಅವತ್ತು ಕಾರಿನೋರು ಬಂದಿದ್ರಲ್ಲ, ಅವತ್ತು ನಾನು..."

ಹತ್ತಾರು ಮುಖ ಅವಳ ಕಡೆ ತಿರುಗಿದವು. ಬಾಗಿಲಲ್ಲಿ ದೇವಯ್ಯ ನಿಂತಿದ್ದ.

"ಅವತ್ತು ಏನಮ್ಮ?" ಎಂದಳು ಮರುದೇವಮ್ಮ.

"ಅವತ್ತು... ನಿಮ್ಗೆ ಇಟ್ಟಿದ್ ಆಲ್ನಲ್ಲಿ ಅವರ್ಗೆ ಕಾಫಿ ಕಾಸ್ಬುಟ್ಟೆ. ನಿಮ್ಗೆ ಅರ್ಧ ಲೋಟ ಕೊಟ್ಟೆ."

ಮರುದೇವಮ್ಮನ ಒಣಗಿದ ತುಟಿ ನಗುವಿಗೆ ಅರಳಿತು. "ಹುಚ್ಚಿ, ಅದನ್ನೂ ಕ್ಷಮಿಸಿದೆ" ಎಂದು ಅವಳ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಸುತ್ತ ಇದ್ದವರಿಗೆ ಹೇಳಿದಳು: "ನೋಡಿದಿರಾ? ಅರ್ಧ ಲೋಟ ಹಾಲಿಗೆ ಎರಡು ವರ್ಷ ನೊಂದುಕೊಂಡು, ಅಷ್ಟು ದೂರದಿಂದ ಹೇಳಲು ಬಂದಿದ್ದಾಳೆ. ನಮ್ಮಲ್ಲಿ ಯಾರಿದ್ದಾರೆ ಇಂಥವರು?"

ಹೆಂಗಸರು ಕಣ್ಣೊರೆಸಿಕೊಂಡರು. ಒಬ್ಬಳು ಪಕ್ಕಕ್ಕೆ ಜರುಗಿ ಚಾಪೆಯ ಹತ್ತಿರವೇ ಜಾಗ ಮಾಡಿಕೊಟ್ಟಳು. ನೀಲಗಂಗಮ್ಮ ಅಲ್ಲಿ ಕೂತಳು.