ಕದಿರು ಗದ್ದೆಗೆ ಕೆಂಪು ಮಣ್ಣು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಯಡ್ತರೆಯಿಂದ ಒಳದಾರಿ ಹಿಡಿದರೆ ಸಿಗುವ ಅಮ್ಮನವರ ಗುಡಿಯ ಕೆಳಗಿನ ಬೈಲಿನಲ್ಲಿ ಪದ್ದು ಪೂಜಾರ್ತಿ ಆಗಲೇ ಬಗ್ಗಿ ನಿಂತಿದ್ದಾರೆ. ತಲೆ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ಕೈಯಲ್ಲಿ ಒಂದು ತುಂಡು ಅಡಿಕೆ ಹಾಳೆ. ಮೊನ್ನೆ ಮೊನ್ನೆ ನೆಟ್ಟ ನೇಜಿಯ, ಭತ್ತದ ಎಳೆ ಸಸಿಯ, ಬುಡದಿಂದ ಕೆಂಪು ರಾಡಿಯನ್ನು ಹಾಳೆಯಲ್ಲಿ ಬಾಚಿ ಬಾಚಿ ಗದ್ದೆಯಂಚಿಗೆ ಎಸೆಯುತ್ತಾರೆ. ರಾತ್ರಿ ಮಳೆ ಹೊಡೆದಿದೆ. ಪಕ್ಕದಲ್ಲಿ ಲಾರಿಗಟ್ಟಲೆ ಸುರಿದ ಮಣ್ಣು ಕರಗಿ ಗದ್ದೆಗೆ ಇಳಿದಿದೆ. ಇವತ್ತು ತೆಗೆದರೆ ನಾಳೆ ಮತ್ತೆ ಇಳಿಯುತ್ತದೆ. ಪದ್ದು ನಾಳೆಯೂ ಬರುತ್ತಾರೆ.

ಮೇಲಿನ ದಾರಿಯಲ್ಲಿ ಹಾಲು ಕೊಡಲು ಹೊರಟ ನೆರೆಮನೆಯ ಮುತ್ತ ನಿಂತು ಕೂಗುತ್ತಾರೆ.

"ಹ್ವಾಯ್ ಪದ್ದಕ್ಕ, ದಿನಾ ಮಣ್ಣ್ ರಾಶಿ ಹಾಕಿ ಒಂದ್ ಗುಡ್ಡಿ ಕಟ್ಟುವ ಅಂದಾಜಾ?"

"ಕಟ್ತೆ ಮಾರಾಯ. ಅದ್ರ್ ಮೇಲ್ ನಿನ್ನ್ ಕೂರ್ಸಿ ಪೂಜಿ ಮಾಡ್ತೆ. ಹೋಗ್, ಹಾಲ್ ಹಾಳಾತ್ತ್."

ಮುತ್ತ ನಗುತ್ತಾ ಹೋಗುತ್ತಾರೆ. ಪದ್ದು ನಗುವುದಿಲ್ಲ. ಎಪ್ಪತ್ತು ದಾಟಿದ ಸೊಂಟ ನೆಟ್ಟಗಾಗಲು ಹೊತ್ತು ಬೇಕು. ಆ ಹೊತ್ತನ್ನೂ ನೇಜಿಗೇ ಕೊಟ್ಟುಬಿಡುತ್ತಾರೆ.

ಇದು ಬರೀ ಅನ್ನದ ಗದ್ದೆಯಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಊರಿನ ಹೊಸ್ತಿಗೆ, ಅಂದರೆ ಹೊಸ ಅಕ್ಕಿ ಉಣ್ಣುವ ಹಬ್ಬಕ್ಕೆ, ಕದಿರು ಹೋಗುವುದು ಈ ಗದ್ದೆಯಿಂದ. ನವರಾತ್ರಿಯ ಒಂದು ಬೆಳಿಗ್ಗೆ ಮೊದಲ ತೆನೆಯನ್ನು ಕೊಯ್ದು, ಬಾಳೆಲೆಯಲ್ಲಿ ಸುತ್ತಿ ತಲೆ ಮೇಲಿಟ್ಟುಕೊಂಡು, ಡೋಲಿನ ಸದ್ದಿನೊಂದಿಗೆ ಗುಡಿಯ ಮೆಟ್ಟಿಲು ಹತ್ತಬೇಕು. ಒಂದು ಹಿಡಿ ಅಮ್ಮನ ಪಾದಕ್ಕೆ, ಉಳಿದದ್ದು ಮನೆಮನೆಗೆ. ಮಾವಿನೆಲೆ, ಹಲಸಿನೆಲೆ ಸೇರಿಸಿ ಜನ ಅದನ್ನು ಬಾಗಿಲಿಗೆ, ಬಾವಿಕಟ್ಟೆಗೆ, ತೊಟ್ಟಿಲಿಗೆ, ಈಗೀಗ ಗ್ರೈಂಡರಿಗೂ ಬೈಕಿಗೂ ಕಟ್ಟುತ್ತಾರೆ. ಹೊಸ ಅಕ್ಕಿಯ ನಾಲ್ಕು ಕಾಳು ಬಿದ್ದ ಪಾಯಸ ಎಲೆಗೆ ಬಂದಾಗ ಕಿರಿಯರು ಹಿರಿಯರ ಮುಖ ನೋಡಿ "ಹೊಸ್ತ್ ಉಂತೆ" ಎಂದು ಅಪ್ಪಣೆ ಕೇಳಿಯೇ ಬಾಯಿಗಿಡುತ್ತಾರೆ. ವರ್ಷವಿಡೀ ದೇವರ ಹತ್ತಿರ ಅದು ಬೇಕು ಇದು ಬೇಕು ಎನ್ನುವ ನಾವು, ಕೊಟ್ಟದ್ದಕ್ಕೆ ಉಪಕಾರ ಹೇಳುವ ದಿನ ಇದೊಂದೇ.

ಆ ಗದ್ದೆಗೆ ಮಣ್ಣು ಹಾಕಿದ್ದಾರೆ. ಹಾಕಿಸಿದ್ದು ಎಲ್ಲಿಂದಲೋ ಬಂದ ಕಂಪೆನಿಯಲ್ಲ, ಗುಡಿಯ ಸಮಿತಿ. ಎಂತಕ್ಕೆ? ಅಮ್ಮನಿಗೆ ಕೈ ಮುಗಿಯಲು ಬರುವವರ ಕಾರು ನಿಲ್ಲಿಸುವುದಕ್ಕೆ.

ಗುಡಿಯ ಹೆಸರು ಬರೆಯುವುದಿಲ್ಲ. ಬರೆದರೆ ಒಂದೇ ಊರು ತಲೆ ತಗ್ಗಿಸಬೇಕಾಗುತ್ತದೆ, ಉಳಿದ ಊರಿನವರು ನಾವಲ್ಲಪ್ಪ ಎಂದು ಆರಾಮವಾಗಿ ಚಾ ಕುಡಿಯುತ್ತಾರೆ.

ಪದ್ದು ಹುಟ್ಟಿದ್ದು ಅಮಾಸೆಬೈಲಿನ ಕಡೆ. ಮದುವೆಯಾಗಿ ಈ ಬೈಲಿಗೆ ಬಂದಾಗ ಹದಿನೇಳೋ ಹದಿನೆಂಟೋ. ಗದ್ದೆ ಗುಡಿಯದು, ಉಳುಮೆ ಇವರ ಮನೆಯದು. ಕಾಗದ ಪತ್ರ ಎಂತದೂ ಇಲ್ಲ. ಅತ್ತೆಯ ಅತ್ತೆಯ ಕಾಲದಲ್ಲಿ ಅಮ್ಮನ ಎದುರು ಆದ ಮಾತು. ಕದಿರು ಅಮ್ಮನಿಗೆ, ಕಾಳು ನಿಮಗೆ ಎಂದು. ಆ ಮಾತಿನ ಮೇಲೆ ಮೂರು ತಲೆಯ ಹೆಂಗಸರು ಈ ಕೆಸರಿನಲ್ಲಿ ಬಗ್ಗಿದ್ದಾರೆ. ಬಿತ್ತುವ ಮೊದಲು ಗದ್ದೆಯ ಮೂಲೆಗೆ ಒಂದು ಮುಷ್ಟಿ ಬೀಜ ಇಟ್ಟು ಕೈ ಮುಗಿಯುವುದನ್ನು ಅತ್ತೆಯೇ ಕಲಿಸಿದ್ದು.

"ಸಣ್ಣಕ್ ಇಪ್ಪೊತ್ತಿಗೆ ಹೊಟ್ಟಿ ತುಂಬ್ರೆ ದೇವ್ರ್ ಇತ್ತ್, ತುಂಬ್ದಿದ್ರೆ ಇಲ್ಲೆ. ಅಷ್ಟೇ ಗೊತ್ತಿದ್ದದ್ ನಂಗೆ" ಎನ್ನುತ್ತಾರೆ ಪದ್ದು. "ಇಲ್ಲಿಗ್ ಬಂದ್ ಮೇಲೆ ಅತ್ತಿಗ್ ಹೆದ್ರಿ ಕೈ ಮುಗೀತಿದ್ದೆ. ದೇವ್ರಿಗಿಂತ ಅತ್ತಿ ಹೆದ್ರಿಕಿ ಜೋರ್."

ಗಂಡ ಶೇಂದಿ ಇಳಿಸುವವರು. ಒಂದು ಮಳೆಗಾಲ ತೆಂಗಿನ ಮರದಿಂದ ಜಾರಿ ಬಿದ್ದರು, ಏಳಲಿಲ್ಲ. ಮಗಳಿಗಿನ್ನೂ ಮಾತು ಬರುತ್ತಿರಲಿಲ್ಲ. ಗದ್ದೆಯಲ್ಲಿ ಪೈರು ಮೊಣಕಾಲು ಮುಟ್ಟಿತ್ತು. ಆ ವರ್ಷ ಪದ್ದು ಗುಡಿಯ ಕಡೆ ತಲೆ ಹಾಕಲಿಲ್ಲ. ನವರಾತ್ರಿ ಹತ್ತಿರ ಬಂದಾಗ ಕತ್ತಿ ಹಿಡಿದು ಗದ್ದೆಗಿಳಿದರು. ಎಲ್ಲವನ್ನೂ ಕೊಯ್ದು ದನಕ್ಕೆ ಹಾಕುವುದೆಂದೇ ಇಳಿದದ್ದು. ಅಮ್ಮನಿಗೂ ಬೇಡ, ಊರಿಗೂ ಬೇಡ.

"ಒಂದ್ ಹಿಡಿ ಹಿಡ್ಕಂಡೆ. ತೆನಿ ಹಾಲ್ ತುಂಬಿತ್ತ್. ಅವ್ರ್ ಬಿತ್ತದ್ ಬೀಜ ಅದ್. ಅವ್ರ್ ಇಲ್ಲೆ, ಭತ್ತ ಬಂತ್. ನಂಗ್ ಸಿಟ್ಟಿತ್ತಂದ್ಹೇಳಿ ಅದ್ ಬಪ್ದ್ ನಿಲ್ಸ್ಲಿಲ್ಲೆ ಕಾಣಿ. ಕತ್ತಿ ಅಂಚಿನ್ ಮೇಲ್ ಇಟ್ಟ್ ಕೂಕಂಡ್ ಕಣ್ಣೀರ್ ಸುರ್ಸಿ ಮರ್ಕ್‌ದೆ. ಎಷ್ಟೊತ್ತ್ ಅಂದೇಳಿ ಗೊತ್ತಿಲ್ಲೆ."

ಸಾವಾದ ಮನೆಯಲ್ಲಿ ಆ ವರ್ಷ ಹೊಸ್ತು ಇಲ್ಲ. ಕೊಯ್ದು ಹೊತ್ತುಕೊಂಡು ಹೋದದ್ದು ಮುತ್ತ. ಪದ್ದು ಬೈಲಿನಲ್ಲೇ ನಿಂತು ಡೋಲಿನ ಸದ್ದು ಮೇಲೆ ಹತ್ತಿಹೋಗುವುದನ್ನು ಕೇಳಿದರು. ಮರುವರ್ಷ ಕದಿರು ಅವರ ತಲೆ ಮೇಲಿತ್ತು. ಹೋದ ವರ್ಷವೊಂದು ಬಿಟ್ಟರೆ ಆಮೇಲೆ ಒಂದು ವರ್ಷವೂ ತಪ್ಪಲಿಲ್ಲ. ಮಗಳು ಈಗ ಸಿದ್ದಾಪುರದಲ್ಲಿ ಗಂಡನ ಮನೆಯಲ್ಲಿದ್ದಾಳೆ, ಬಾ ಎಂದು ಕರೆಯುತ್ತಾಳೆ. ಪದ್ದು ಹೋಗಿ ಎರಡು ದಿನ ಇದ್ದು ಬರುತ್ತಾರೆ. ಮಳೆಗಾಲದಲ್ಲಂತೂ ಬಸ್ಸಿನ ಮುಖ ಸಹ ನೋಡುವುದಿಲ್ಲ.

ಇಷ್ಟು ವರ್ಷ ಊರಿಗೆಲ್ಲ ಕದಿರು ಕೊಟ್ಟ ಈ ಹೆಂಗಸಿನ ಹೆಸರನ್ನು ಗುಡಿಯ ಮೈಕಿನಲ್ಲಿ ಯಾರಾದರೂ ಒಮ್ಮೆ ಕೂಗಿದ್ದಿದೆಯೇ? ಇಲ್ಲ. ಟ್ಯೂಬ್‌ಲೈಟು ಕೊಟ್ಟವರ ಹೆಸರು ಟ್ಯೂಬ್‌ಲೈಟಿನ ಮೇಲೆಯೇ ಇದೆ. ಕುರ್ಚಿ ಕೊಟ್ಟವರ ಹೆಸರಿನ ಮೇಲೆ ನಾವು ಕೂರುತ್ತೇವೆ. ಶಾಲು ಹೊದಿಸುವ ಹೊತ್ತಿಗೆ ಪದ್ದು ಹಿತ್ತಲಿನಲ್ಲಿ ಊಟದ ಎಲೆ ತೊಳೆಯುತ್ತಿರುತ್ತಾರೆ. ಹೋಗಲಿ, ಅದು ಅವರಿಗೆ ಬೇಕಾಗಿಯೂ ಇರಲಿಲ್ಲ. ಆದರೆ ಕಾಲಡಿಯ ಗದ್ದೆಗೇ ಕೈ ಹಾಕುವಾಗ ಒಂದು ಮಾತು ಕೇಳಬಹುದಿತ್ತಲ್ಲ?

ಕೇಳಲಿಲ್ಲ. ಹೋದ ವರ್ಷ ಶ್ರಾವಣದ ಒಂದು ಬೆಳಿಗ್ಗೆ, ಪೈರು ನಿಂತಿರುವಾಗಲೇ, ಲಾರಿ ಬಂತು. ಅರ್ಧ ಗದ್ದೆ ಮಣ್ಣಿನಡಿ ಹೋಯಿತು. ಪದ್ದು ಓಡಿ ಬರುವಷ್ಟರಲ್ಲಿ ಪೈರಿನ ತುದಿಯೂ ಕಾಣುತ್ತಿರಲಿಲ್ಲ. ಸಮಿತಿಯ ಅಧ್ಯಕ್ಷ ಉಲ್ಲಾಸ್ ಹೆಗ್ಡೆ, ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು, ಸಮಾಧಾನ ಹೇಳಿದರಂತೆ: "ಅರ್ಧ ಉಳ್ದಿತ್ತಲ್ಲ ಪದ್ದಕ್ಕ, ಕದ್ರಿಗ್ ಅಷ್ಟ್ ಸಾಕ್."

ಪದ್ದು ಇದಕ್ಕೆ ಉತ್ತರ ಕೊಟ್ಟದ್ದು ಹೊಸ್ತಿನ ದಿನ.

ಅಂದು ಡೋಲಿನವರು ಮೆಟ್ಟಿಲ ಬುಡದಲ್ಲಿ ನಿಂತು ಕಾದರು. ರೇಷ್ಮೆ ಸೀರೆ, ಬಿಳಿ ಪಂಚೆ ಎಲ್ಲ ಅಂಗಳದಲ್ಲಿ ಸೇರಿದವು. ಕದಿರು ಬರಲಿಲ್ಲ. ಉಲ್ಲಾಸ್ ಹೆಗ್ಡೆ ಮಣ್ಣಿನ ರಾಶಿಯ ಮೇಲೆ ನಿಂತು ಕೆಳಗೆ ನೋಡಿದರೆ, ಪದ್ದು ಗದ್ದೆಯಂಚಿನಲ್ಲಿ ದೀಪ ಹಚ್ಚಿಟ್ಟು ಕೂತಿದ್ದಾರೆ.

"ಎಂತ ಪದ್ದಕ್ಕ ಇದ್? ಊರ್ ಜನ ಎಲ್ಲ ಕಾಯ್ತಾ ಇದ್ರ್!"

"ನಾನೂ ಕಾಯ್ತಾ ಇದ್ದೆ ಹೆಗ್ಡ್ರೆ. ಕದ್ರ್ ಬೇಕಾದವ್ರ್ ಇಲ್ಲಿಗ್ ಬರ್ಲಿ."

"ಇಲ್ಲಿಗಾ? ಈ ಕೆಸ್ರಿಗಾ?"

"ಹೌದ್. ಕಾರ್ ಬತ್ತಿಲ್ಲೆ. ಕಾಲ್ ಬತ್ತ್."

ಅಷ್ಟರಲ್ಲಿ ಗುಡಿಯ ಭಟ್ಟರು, ವಯಸ್ಸಾದ ಮನುಷ್ಯ, ಯಾರನ್ನೂ ಕೇಳದೆ ಹಾಲಿನ ಗಿಂಡಿ ಹಿಡಿದು ಮಣ್ಣಿನ ಇಳಿಜಾರಿನಲ್ಲಿ ಜಾರುತ್ತಾ ಬಂದರು. ಪೈರಿನ ಬುಡಕ್ಕೆ ಹಾಲೆರೆದು "ಕೊಯ್ಯಿ ಪದ್ದು" ಎಂದರು. ಅವರ ಹಿಂದೆ ಒಬ್ಬೊಬ್ಬರೇ ಹೆಂಗಸರು ಸೀರೆ ಎತ್ತಿ ಕಟ್ಟಿ ಇಳಿದರು. ಎಷ್ಟೋ ವರ್ಷದಿಂದ ಗದ್ದೆಗೆ ಕಾಲಿಡದವರು ಕೆಸರಿನಲ್ಲಿ ನಿಂತು ಎರಡೂ ಕೈ ಚಾಚಿದರು. ಗಂಡಸರು ಕೊನೆಗೆ ಬಂದರು, ಬರಲೇಬೇಕಾಯಿತು. ಕರಗಿ ಇಳಿದ ಮಣ್ಣಿಗೆ ಉಳಿದ ಅರ್ಧದ ಪೈರೂ ಬಹುಪಾಲು ಕೊಳೆತಿತ್ತು, ಸಿಕ್ಕ ಕದಿರು ಅರ್ಧ ಊರಿಗೆ ಸಾಲಲಿಲ್ಲ. ಒಂದು ಮನೆಗೆ ಒಂದೇ ತೆನೆ. ಕೆಲವು ಮನೆಗೆ ಅದೂ ಇಲ್ಲ.

ಇಷ್ಟಾದ ಮೇಲೆ ಬುದ್ಧಿ ಬರಬೇಕಿತ್ತು. ಈ ವರ್ಷ ನೇಜಿ ಕೀಳುವ ಹೊತ್ತಿಗೆ ಸಮಿತಿ ಹೊಸ ಯೋಚನೆ ತಂದಿತು. ಉಳಿದ ಅರ್ಧಕ್ಕೂ ಮಣ್ಣು ಹಾಕುವುದು, ಗುಡಿಯ ಎದುರು ಸಿಮೆಂಟಿನ ಒಂದು ತೊಟ್ಟಿ ಕಟ್ಟಿ ಅದರಲ್ಲಿ ಭತ್ತ ಬೆಳೆಸುವುದು. ತೊಟ್ಟಿಗೆ ಗ್ರಾನೈಟು ಹಾಸುವುದು, ದಾನಿಯ ಹೆಸರು ಕೆತ್ತಿಸುವುದು. ಇದನ್ನು ಹೇಳಲು ಹೆಗ್ಡೆಯವರೇ ಪದ್ದು ಮನೆಗೆ ಬಂದರು.

"ತೊಟ್ಟಿಯೊಳ್ಗ್ ನೆಡುಕೆ ಅದೇನ್ ತುಳ್ಸಿ ಗಿಡ್ವಾ ಹೆಗ್ಡ್ರೆ?" ಎಂದು ಕೇಳಿದರಂತೆ ಪದ್ದು.

ಹೆಗ್ಡೆಯವರಿಗೆ ಪದ್ದುವಿನ ಒಂದು ಮಾತು ಬೇಕಿತ್ತು. ಅಮ್ಮನ ಎದುರು ಆದ ಮಾತನ್ನು ಅಮ್ಮನ ಎದುರೇ ಬಿಡಿಸಬೇಕು, ಇಲ್ಲದಿದ್ದರೆ ಅರ್ಧಕ್ಕೆ ಸುಮ್ಮನಿದ್ದ ಊರಿನ ಹಿರಿಯರು ಪೂರ್ತಿಗೆ ಒಪ್ಪುವುದಿಲ್ಲ. ಹಾಗಾಗಿ ಅವರು ಎಂತ ಹೇಳಿದರು ಗೊತ್ತೇ? "ಹರಕಿ ಅಂದ್ಹೇಳಿ ಬಿಟ್ಕೊಡಿ ಪದ್ದಕ್ಕ. ಅಮ್ಮನಿಗೇ ಅಲ್ದಾ? ಪುಣ್ಯ ಬತ್ತ್." ನಂಬಿಕೆ ಇರುವವರನ್ನು ಅವರ ನಂಬಿಕೆಯಿಂದಲೇ ಕಟ್ಟಿಹಾಕುವ ಈ ಜಾಣತನಕ್ಕೆ ಎಂತ ಹೆಸರಿಡುವುದೋ ತಿಳಿಯದು. ಕಳ್ಳನಾದರೆ ಕತ್ತಲೆಯಲ್ಲಿ ಬರುತ್ತಾನೆ, ಕೈ ಮುಗಿದುಕೊಂಡು ಬರುವುದಿಲ್ಲ.

ಪದ್ದು ಬರುತ್ತೇನೆಂದರು. ಒಂದು ಶುಕ್ರವಾರ ಮಧ್ಯಾಹ್ನದ ಪೂಜೆಗೆ ಮಿಂದು, ಒಗೆದ ಸೀರೆ ಉಟ್ಟು ಗುಡಿಗೆ ಹೋದರು. ಸಮಿತಿಯವರೆಲ್ಲ ಇದ್ದರು. ಭಟ್ಟರು ಆರತಿ ಎತ್ತಿ ಬದಿಗೆ ನಿಂತರು. ಮುತ್ತ ಕಂಬಕ್ಕೆ ಒರಗಿ ನೋಡುತ್ತಿದ್ದರು. ಈಗ ಅವರೇ ಹೇಳುತ್ತಾರೆ: "ಅಮ್ಮನ್ ಹೆಸ್ರ್ ಹೇಳ್ರೆ ಪದ್ದಕ್ಕ ಎಂತ ಬೇಕಾರೂ ಕೊಡ್ತ್. ಹೋಯ್ತ್ ಗದ್ದಿ ಅಂದ್ಕಂಡೆ."

ಪದ್ದು ಬಾಗಿಲ ಎದುರು ನಿಂತು ಕೈ ಮುಗಿದರು. ಹೇಳಿದ್ದು ಇಷ್ಟು:

"ಅಮ್ಮಾ, ಅನ್ನ ಕೊಟ್ಟೆ, ಉಂಡೆ. ಗಂಡನ್ ಕರ್ಕಂಡೆ, ಮರ್ಕ್‌ದೆ. ಮತ್ತೂ ಕೊಟ್ಟೆ, ಮತ್ತೂ ಉಂಡೆ. ನಿನ್ನ್ ಉಪ್ಕಾರ ಹೇಳಿ ಮುಗ್ಯುದಿಲ್ಲೆ. ಗದ್ದಿ ನಿಂದೇ. ನೀ ಕೇಳ್ರೆ ಈಗ್ಲೇ ಬಿಡ್ತೆ. ಇವ್ರೆಲ್ಲ ಕೇಳ್ತಾ ಇದ್ರ್. ನೀ ಕೇಳ್ಲಿಲ್ಲೆ."

ಅಷ್ಟು ಹೇಳಿ ಸ್ವಲ್ಪ ಹೊತ್ತು ಅಲ್ಲೇ ನಿಂತರು, ಅಮ್ಮ ಏನಾದರೂ ಹೇಳಬಹುದೋ ಎನ್ನುವ ಹಾಗೆ. ಆಮೇಲೆ ಹೆಗ್ಡೆಯವರ ಕಡೆ ತಿರುಗಿ, "ನೇಜಿ ಕಿತ್ತ್ ಇಟ್ಟ್ ಬಂದಿದ್ದೆ ಹೆಗ್ಡ್ರೆ, ಒಣ್ಗತ್ತ್" ಎಂದು ಮೆಟ್ಟಿಲಿಳಿದರು. ಅಂದು ಸಂಜೆಯೊಳಗೆ ಉಳಿದ ಅರ್ಧ ಗದ್ದೆ ನೆಟ್ಟು ಮುಗಿಯಿತು. ಕರೆದ ಆಳು ಮುತ್ತ ಒಬ್ಬರೇ. ಹೋದ ವರ್ಷ ತೆನೆ ಸಿಗದ ಮನೆಗಳಿಂದ ನಾಲ್ಕೈದು ಹೆಂಗಸರು ಕರೆಯದೆ ಬಂದರು.

ಲಾರಿ ಮತ್ತೆ ಬಂದಿಲ್ಲ. ಬರುವುದಿಲ್ಲ ಎಂದು ಸಮಿತಿಯೂ ಹೇಳಿಲ್ಲ. ಹೆಗ್ಡೆಯವರನ್ನು ಕೇಳಿದರೆ "ಮಳಿ ಮುಗಿಲಿ, ಕಾಂಬ" ಎನ್ನುತ್ತಾರೆ. ಮಳೆ ಮುಗಿಯುವುದೂ ಕದಿರು ಬಲಿಯುವುದೂ ಇಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಹಾಕಿದ ಮಣ್ಣನ್ನು ತೆಗೆಯಿರಿ ಎನ್ನಲು ಇಡೀ ಊರಿನಲ್ಲಿ ಒಬ್ಬ ಗಂಡಸಿಗೂ ಬಾಯಿ ಬಂದಿಲ್ಲ. ಅವರ ಮನೆ ಬಾಗಿಲಲ್ಲೆಲ್ಲ ಪದ್ದು ಒಂದಲ್ಲ ಒಂದು ವರ್ಷ ಕೊಟ್ಟ ಕದಿರು ಒಣಗಿ ನೇತಾಡುತ್ತಿದೆ.

ಗದ್ದೆಯಂಚಿನಲ್ಲಿ ಕೂತು ಪದ್ದು ಕಾಲಿನ ಕೆಸರು ತೊಳೆಯುತ್ತಾರೆ. ಅಮ್ಮನ ಹತ್ತಿರ ಇನ್ನೇನಾದರೂ ಕೇಳುವುದುಂಟೇ ಎಂದರೆ ತಲೆಯಾಡಿಸುತ್ತಾರೆ.

"ಕೇಂಬುದೆಲ್ಲ ಪ್ರಾಯದಗೆ ಕೇಂಡ್ ಆಯ್ತ್. ಈಗ ಕೊಟ್ಟದ್ ಲೆಕ್ಕ ಮಾಡುಕೇ ದಿನ ಸಾಕಾತ್ತಿಲ್ಲೆ."

ಹೋದ ವರ್ಷ ಕದಿರನ್ನು ಗುಡಿಗೆ ಹೊರಲಿಲ್ಲ. ಈ ನವರಾತ್ರಿಗೆ?

"ಹೊರ್ದೆ ಇಪ್ಪುಕಾತ್ತಾ? ನಂಗ್ ಸಿಟ್ಟ್ ಇಪ್ದ್ ಮಣ್ಣ್ ಹಾಕ್ದರ್ ಮೇಲೆ, ಅಮ್ಮನ್ ಮೇಲಲ್ಲ" ಎನ್ನುತ್ತಾರೆ ಪದ್ದು. ಕೊಪ್ಪೆ ಬದಿಗಿಟ್ಟು, ನರೆತ ಕೂದಲಿನ ಬೆವರು ಒರೆಸಿ, ನೆತ್ತಿಯನ್ನೊಮ್ಮೆ ಅಂಗೈಯಿಂದ ತಟ್ಟಿಕೊಳ್ಳುತ್ತಾರೆ. "ಈ ತಲಿ ಮತ್ತೆಂತಕೆ ಇತ್ತ್?"