ಮಗ್ಗದ ಗುಂಡಿಯ ಮೇಲೆ ಕಾರು

ಆ ಭಾನುವಾರ ನನ್ನ ಬಾಯಿಂದ ಹೊರಬಿದ್ದ ಮಾತನ್ನು ಈಗಲೂ ಮರೆಯಲಾಗಿಲ್ಲ. ಅದು ನನ್ನ ಬಾಯೇ ಹೌದಾ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬರುವಾಗ ತಳಕು ದಾಟಿದ ಮೇಲೆ ಕಾರು ಎಳೆಯುವುದನ್ನೇ ಬಿಟ್ಟಿತು. ಇಂಜಿನ್ ಅರಚುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ, ಸುಟ್ಟ ವಾಸನೆ ಬೇರೆ. ಹೇಗೋ ತೆವಳಿಸಿಕೊಂಡು ಮನೆ ಸೇರಿಸಿ ಚಳ್ಳಕೆರೆಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ಕ್ಲಚ್ ಪ್ಲೇಟ್ ಸವ್ದೈತೆ ಸಾರ್. ಗೇರ್ ಬಾಕ್ಸ್ ಇಳಿಸ್ಬೇಕು. ಎಳೆಸ್ಕಂಡು ಬಂದು ಎರಡು ದಿನ ಬಿಟ್ಟು ಹೋಗ್ರಿ" ಅಂದ. ನಾನು ಹೂಂ ಅಂದೂ ಬಿಟ್ಟೆ.

ಪಕ್ಕದಲ್ಲಿ ಕೂತು ಕೇಳುತ್ತಿದ್ದ ಅಪ್ಪನಿಗೆ ಅವಮಾನವಾದಂತಾಯಿತು. ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದವನು ಅವನು. ಮಗ್ಗದಲ್ಲಿ ಏನೇ ಕೆಟ್ಟರೂ ತಾನೇ ಬಿಚ್ಚಿ ತಾನೇ ಕಟ್ಟುತ್ತಿದ್ದ, ಹೊರಗಿನವರ ಕೈ ತಾಕಲು ಬಿಡುತ್ತಿರಲಿಲ್ಲ. ಕಣ್ಣು ಮಂಜಾಗಿ ಮಗ್ಗ ಬಿಚ್ಚಿಟ್ಟ ಮೇಲೆ ಆ ಕೈಗಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

"ಹಳೇದು ಬಿಚ್ಚೋದು, ಹೊಸದು ಹಾಕೋದು. ಅದಕ್ಕೆ ಚಳ್ಳಕೆರೆಗ್ಯಾಕ್ಲೇ ಹೋಗ್ಬೇಕು?"

"ಗಾಡಿ ಅಡಿಗೆ ಇಳೀಬೇಕಪ್ಪಾ. ಜಾಗ ಎಲ್ಲೈತೆ?"

"ಮಗ್ಗದ ಗುಂಡಿ ಐತಲ್ಲ."

ನೇಯುವವನು ನೆಲದ ಮೇಲೆ ಕೂತು, ಕಾಲು ಇಳಿಬಿಟ್ಟು ಮಗ್ಗ ತುಳಿಯಲು ತೋಡಿದ ಹಳ್ಳ ಅದು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಖಾಲಿ ಬಿದ್ದಿತ್ತು. ನನಗೆ ನಗು ಬಂತು, ಸಿಟ್ಟೂ ಬಂತು. ಆದರೆ ಮಾರನೆಯ ದಿನ ಎದ್ದು ನೋಡಿದರೆ ಅಪ್ಪ ಆಗಲೇ ಗುದ್ದಲಿ ಹಿಡಿದು ಸೊಂಟದ ಆಳಕ್ಕೆ ಇಳಿದಿದ್ದ. ಅಷ್ಟು ಹುರುಪಾಗಿ ಅವನನ್ನು ನೋಡಿ ವರ್ಷಗಳೇ ಆಗಿದ್ದವು. ಮೆಕ್ಯಾನಿಕ್‌ಗೆ ಬರುವುದಿಲ್ಲವೆಂದು ಹೇಳಿದೆ.

ಭುಜ ಆಡಲು ಜಾಗ ಸಾಲದೆಂದು ಅಪ್ಪ ಗುಂಡಿಯ ಅಂಚಿನ ಕಲ್ಲುಚಪ್ಪಡಿಗಳನ್ನು ಕಿತ್ತು ಹಾಕಿದ. ಮಣ್ಣನ್ನು ಹಿಡಿದು ನಿಲ್ಲಿಸಿದ್ದೇ ಅವು ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಮನುಷ್ಯ ಕೂತರೆ ಕುಸಿಯದ ಅಂಚು ಕಾರು ನಿಂತರೂ ಕುಸಿಯುವುದಿಲ್ಲ ಅಂದುಕೊಂಡೆವು. ಅಕ್ಕಪಕ್ಕದವರನ್ನು ಕರೆದು ಕಾರನ್ನು ಶೆಡ್ಡಿಗೆ ತಳ್ಳಿಸಿ, ಗಾಲಿಗಳು ಗುಂಡಿಯ ಎರಡೂ ಬದಿಗೆ ಬರುವಂತೆ ನಿಲ್ಲಿಸಿದೆವು.

ಭಾನುವಾರ ಬೆಳಿಗ್ಗೆ ಅಪ್ಪ ಸ್ಪ್ಯಾನರ್ ಹಿಡಿದು ಕೆಳಗಿಳಿದ. ಕಣ್ಣು ಸರಿಯಾಗಿ ಕಾಣದಿದ್ದರೂ ಬೆರಳಲ್ಲೇ ತಡವಿ ಎರಡು ಬೋಲ್ಟ್ ಬಿಚ್ಚಿ ಮೇಲಕ್ಕೆ ಕೊಟ್ಟ. ಮೂರನೆಯದಕ್ಕೆ ಕೈ ಹಾಕಿದಾಗ ಮಣ್ಣು ಸರಸರ ಉದುರಿದ ಸದ್ದಾಯಿತು. ನಾನು ಬಗ್ಗುವಷ್ಟರಲ್ಲಿ ಅಂಚು ಕುಸಿದು, ಮುಂದಿನ ಗಾಲಿ ಜಾರಿ, ಕಾರಿನ ಮೂತಿ ಧಡಾರನೆ ಗುಂಡಿಗೆ ಇಳಿಯಿತು.

"ಅಯ್ಯಯ್ಯೋ, ನನ್ ಗಾಡಿ!" ಎಂದು ಕೂಗಿದೆ. ಎರಡೂ ಕೈಯಲ್ಲಿ ಬಂಪರ್ ಹಿಡಿದು ಎಳೆಯುತ್ತಿದ್ದೆ.

ಅಪ್ಪ ಅದರ ಕೆಳಗಿದ್ದ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿಗೆ ಮೊದಲು ಬಂದದ್ದು ಗಾಡಿ. ಅಷ್ಟರಲ್ಲಿ ಧೂಳಿನ ಒಳಗಿಂದ ಕೆಮ್ಮುತ್ತಾ ಅಪ್ಪನ ದನಿ ಬಂತು:

"ಹೆದ್ರಬ್ಯಾಡಪ್ಪಾ. ಗಾಡಿಗೇನೂ ಆಗಿಲ್ಲ."

ಕೊಂಕಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನಿಜವಾಗಿಯೂ ನನ್ನನ್ನು ಸಮಾಧಾನ ಮಾಡುತ್ತಿದ್ದ. ಗುಂಡಿಯ ಹಿಂದಿನ ಮೂಲೆಗೆ ಮುದುರಿಕೊಂಡು ಉಳಿದಿದ್ದ. ಕೈ ಹಿಡಿದು ಎಳೆದುಕೊಂಡೆ. ಮೊಣಕೈ ತರಚಿ ರಕ್ತ ಇಳಿಯುತ್ತಿತ್ತು. ಅದನ್ನು ನೋಡಿಕೊಳ್ಳದೆ ಅವನು ಕಾರಿನ ಸುತ್ತ ಒಂದು ಸಲ ಬಂದು, "ಚಳ್ಳಕೆರೆಗೇ ಕೊಡು" ಅಂದ.

ಸೋಮವಾರ ಕಾರನ್ನು ಗುಂಡಿಯಿಂದ ಎತ್ತಿಸಿ ಎಳೆಸಿಕೊಂಡು ಹೊರಟಾಗ, ಜೊತೆಗೆ ಬಾರಪ್ಪಾ ಎಂದು ಎರಡು ಸಲ ಕರೆದೆ.

"ಅಲ್ಲಿ ನಂಗೇನ್ ಕೆಲ್ಸ ಐತೆ, ನೀನು ಹೋಗ್ಬಾ" ಅಂದ.