ಮಾತಿನ ಪಕ್ಕದ ಜಾಗ

ನಮ್ಮ ಮನೆಯಲ್ಲಿ ಮಗುವಿಗೆ ಫಿಟ್ಸ್ ಬಂತೆಂದರೆ ಮೊದಲು ಕಂಬಳಿ. ಕುರಿ ಕಾಯುವವರು ನಾವು, ಬೀರಪ್ಪನ ಒಕ್ಕಲು. ಕರಿ ಕಂಬಳಿಯೊಳಗೆ ಇದ್ದವರನ್ನು ದೇವರು ನೋಡಿಕೊಳ್ಳುತ್ತಾನೆ, ಬೇರೆಯವರ ಕಣ್ಣು ಬೀಳಬಾರದು ಎಂದು ಹಿರಿಯರು ಹೇಳುತ್ತಿದ್ದರು. ನನ್ನ ಮೊಮ್ಮಗಳಿಗೆ ಎಳೆತನದಲ್ಲಿ ಶುರುವಾದ ಕಾಯಿಲೆ ಐದನೇ ತರಗತಿಗೆ ಬಂದರೂ ಬಿಟ್ಟಿರಲಿಲ್ಲ. ಗುಳಿಗೆ ಬದಲಾದವು, ಮತ್ತೆ ಬದಲಾದವು. ಅವಳ ಮೈ ಬಿಗಿದ ಕೂಡಲೇ ನನ್ನ ಹೆಗಲ ಮೇಲಿನ ಕಂಬಳಿ ತೆಗೆದು ಹೊದಿಸುತ್ತಿದ್ದೆ, ಮುಖ ಆಚೆ ತಿರುಗಿಸಿ ಕೂರುತ್ತಿದ್ದೆ, ಎಲ್ಲಾ ನಿಂತ ಮೇಲೆ ತೆಗೆಯುತ್ತಿದ್ದೆ. ನನಗೆ ಗೊತ್ತಿದ್ದ ಮದ್ದು ಅಷ್ಟೇ.

ಗದ್ವಾಲಿನ ಡಾಕ್ಟರು ಇನ್ನು ಇಲ್ಲಿ ಆಗುವುದಿಲ್ಲ ಎಂದು ಹೈದರಾಬಾದಿನ ದೊಡ್ಡ ದವಾಖಾನೆಗೆ ಕಳಿಸಿದರು. ಮಗ ಕುರಿಗಳ ಜೊತೆ ಊರಲ್ಲಿ ಉಳಿದ. ಜೊತೆಗೆ ಬಂದ ಸೊಸೆಯ ಕೈಯಲ್ಲಿ ಮೊಲೆಗೂಸು. ಹಾಗಾಗಿ ಹುಡುಗಿಯ ಮಗ್ಗುಲಲ್ಲಿ ಕೂರುವ ಕೆಲಸ ನನಗೆ ಬಂತು.

ಅಲ್ಲಿನ ಡಾಕ್ಟರಮ್ಮ ಮೊದಲು ಕೇಳಿದ್ದೇ ಇದು. ಅವರು ಆಡಿದ್ದು ತೆಲುಗು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಫಿಟ್ಸ್ ಬಂದಾಗ ಮೊದಲು ಯಾವ ಕೈ ಅದರುತ್ತೆ ತಾತಾ? ಕಣ್ಣು ಯಾವ ಕಡೆ ತಿರುಗುತ್ತೆ?"

ನಾನು ಸೊಸೆಯ ಮುಖ ನೋಡಿದೆ, ಸೊಸೆ ನನ್ನ ಮುಖ ನೋಡಿದಳು.

"ನಾವು ನೋಡಿಲ್ರಿ ತಾಯಿ."

"ಇಷ್ಟು ವರ್ಷದಲ್ಲಿ ಒಮ್ಮೆಯೂ?"

"ಹೊದಿಸಿಬಿಡ್ತೀವ್ರಿ."

ಅವರು ನಗಲಿಲ್ಲ, ಬೈಯಲೂ ಇಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಬಿಡಿಸಿ ಹೇಳಿದರು. ಫಿಟ್ಸ್ ಹುಟ್ಟುವ ಜಾಗ ಮೆದುಳಿನ ಎಡಗಡೆ ಇರಬಹುದು. ಅದನ್ನು ತೆಗೆದರೆ ಹುಡುಗಿ ಗುಣವಾಗಬಹುದು. ಆದರೆ ಮಾತಿನ ಜಾಗವೂ ಅದರ ಅಕ್ಕಪಕ್ಕದಲ್ಲೇ. ಎರಡೂ ಒಂದೇ ಆಗಿದ್ದರೆ ಮುಟ್ಟುವ ಹಾಗಿಲ್ಲ, ಹೀಗೇ ಬದುಕಬೇಕು. ಬೇರೆ ಬೇರೆ ಆಗಿದ್ದರೆ ದಾರಿ ಇದೆ. ಅದನ್ನು ಕಂಡುಹಿಡಿಯಲು ತಲೆಯೊಳಗೆ ಸಣ್ಣ ಎಳೆಗಳನ್ನು ಇಡಬೇಕು.

ಒಂದು ಎಳೆಯನ್ನು ನನ್ನ ಅಂಗೈ ಮೇಲೆ ಇಟ್ಟರು. ಊದಿದರೆ ಹಾರಿಹೋಗುವಂಥದ್ದು. ಬೆರಳಿಗೆ ಸುತ್ತಿದೆ, ಸುತ್ತಿಕೊಂಡಿತು, ಬಿಟ್ಟೆ, ನೆಟ್ಟಗಾಯಿತು.

"ಇದು ಇಷ್ಟು ಮೆತ್ತಗ ಯಾಕೈತ್ರಿ?"

"ಮೆದುಳು ಉಸಿರಿನ ಜೊತೆ ಒಂಚೂರು ಅಲುಗುತ್ತಾ ಇರುತ್ತೆ ತಾತಾ. ಗಟ್ಟಿ ಸೂಜಿ ಇಟ್ಟರೆ ಗೀರುತ್ತೆ. ಇದಾದರೆ ಅದರ ಜೊತೆ ತಾನೂ ಬಳುಕುತ್ತೆ. ಒಳಗೆ ಏನು ನಡೀತಿದೆ ಅಂತ ಕೇಳಿಸಿಕೊಳ್ಳುತ್ತೆ. ನಾವು ಬೇಕೆಂದಾಗ ಅದರಲ್ಲೇ ಒಂದಿಷ್ಟು ಕರೆಂಟು ಕಳಿಸಿ ಆ ಜಾಗ ಏನು ಕೆಲಸ ಮಾಡುತ್ತೆ ಅಂತ ನೋಡಬಹುದು."

ಉಣ್ಣೆ ನೂತ ಕೈ ನನ್ನದು. ಮೆತ್ತಗಿರುವುದರ ಮೇಲೆ ನನಗೆ ಬೇಗ ನಂಬಿಕೆ ಬರುತ್ತದೆ. ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತದೆ ನನ್ನ ಹೆಸರನ್ನೇ ಬರೆದು ಸಹಿ ಹಾಕಿದೆ.

ತಲೆ ಬೋಳಿಸಿಕೊಂಡು ಬಂದ ಹುಡುಗಿ ಕನ್ನಡಿ ನೋಡಿ, "ಮುತ್ಯಾ, ಈಗ ನಿನ್ನ ತಲಿ ನನ್ನ ತಲಿ ಒಂದ ಆತು," ಅಂದಳು. ಎಳೆಗಳನ್ನು ಇಟ್ಟ ಮೇಲೆ ತಲೆಯ ತುಂಬಾ ಪಟ್ಟಿ, ಹಿಂದಿನಿಂದ ಜಡೆಯಂತೆ ತಂತಿಗಳು.

ಆಮೇಲೆ ಗುಳಿಗೆ ಕಡಿಮೆ ಮಾಡಿದರು. ಎಲ್ಲಿ ಹುಟ್ಟುತ್ತದೆಂದು ಕಾಣಲು ಫಿಟ್ಸ್ ಬರಬೇಕಿತ್ತು. ಬಾರದಿರಲಿ ಎಂದು ಹರಕೆ ಹೊತ್ತವನು ಬರಲಿ ಎಂದು ಕಾಯುತ್ತಾ ಕೂತೆ. ಗೋಡೆಯ ಮೇಲೆ ಕ್ಯಾಮೆರಾ, ನನ್ನ ಹೆಗಲ ಮೇಲೆ ಕಂಬಳಿ. ಬೆಳಗಿನ ಇಡ್ಲಿ ತಿನ್ನುತ್ತಿದ್ದಾಗ ಬಂತು. ನಾನು ಏನೂ ಯೋಚಿಸುವ ಮುಂಚೆಯೇ ನನ್ನ ಕೈ ತನ್ನ ಕೆಲಸ ಮಾಡಿತ್ತು. ನರ್ಸಮ್ಮ ಓಡಿ ಬಂದು, "ತಾತಾ, ತೆಗಿ, ತೆಗಿ," ಅನ್ನುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

"ತಂತಿ ತನ್ನ ಕೆಲಸ ಮಾಡಿದೆ. ಕ್ಯಾಮೆರಾದಲ್ಲಿ ಮಾತ್ರ ಕರೀ ಕುರಿ ಮಲಗಿದ ಹಾಗೆ ಕಾಣ್ತಿದೆ," ಅಂದಳು ಆಕೆ. ಮೈ ಹೇಗೆ ಆಡಿತು ಎಂಬುದೂ ಬೇಕಂತೆ. ಇನ್ನೊಂದಕ್ಕೆ ಕಾಯಬೇಕು.

ನನ್ನ ಮುಖ ಸಣ್ಣದಾಯಿತು. ಎಚ್ಚರವಾದ ಹುಡುಗಿಗೆ ನಡೆದದ್ದು ಗೊತ್ತಾಯಿತು. "ಅದನ್ನ ಅವ್ವಗ ಕೊಟ್ಟುಬಿಡು ಮುತ್ಯಾ. ಅದು ಇದ್ರ ನಿನ್ನ ಕೈ ಸುಮ್ಮನಿರಂಗಿಲ್ಲ," ಅಂದಳು. ಹೊರಗೆ ಕೂತಿದ್ದ ಸೊಸೆಗೆ ಕೊಟ್ಟು ಬಂದೆ. ಹೆಗಲು ಬರಿದಾಗಿ ಅಂಗಿ ಇಲ್ಲದವನ ಹಾಗೆ ಅನ್ನಿಸಿತು.

ಎರಡನೆಯದು ಬಂದಾಗ ನೋಡಿದೆ. ಬಲಗೈಯ ಹೆಬ್ಬೆರಳು ಮೊದಲು ಒಳಗೆ ಮಡಿಚಿಕೊಂಡಿತು. ಆಮೇಲೆ ತುಟಿಯ ತುದಿ, ಹುಣಸೆಕಾಯಿ ಕಚ್ಚಿದವಳ ಹಾಗೆ ಎಳೆದುಕೊಂಡಿತು. ಕಣ್ಣು ಬಲಕ್ಕೆ ಹೋದವು. ನರ್ಸಮ್ಮ ಮಗ್ಗುಲಾಗಿ ಮಲಗಿಸಿದಳು, ನಾನು ಬೆನ್ನಿಗೆ ಕೈ ಇಟ್ಟೆ. ಹೆದರಿಕೆ ಆಗಲಿಲ್ಲ. ಹುಟ್ಟಿದ ದಿನ ನೋಡಿದ ಮುಖವೇ ಅದು, ಒಂದಿಷ್ಟು ಕಷ್ಟದಲ್ಲಿತ್ತು. "ಬಲಗೈ ಹೆಬ್ಬೆರಳ್ರಿ, ಮೊದಲ ಅದ," ಎಂದು ಬಂದಬಂದವರಿಗೆಲ್ಲ ಹೇಳಿದೆ. ಕ್ಯಾಮೆರಾವೂ ನೋಡಿದೆ ತಾತಾ ಅಂದರು. ನೋಡಲಿ, ನಾನೂ ಹೇಳುತ್ತೇನೆ.

ಉಳಿದದ್ದು ಮಾತಿನ ಜಾಗ. ಡಾಕ್ಟರಮ್ಮ ನನ್ನನ್ನೇ ಕರೆದು, "ಮನೆಯಲ್ಲಿ ಹೇಗೆ ಮಾತಾಡ್ತೀರೋ ಹಾಗೇ ಮಾತಾಡಿಸಿ. ನಾವು ಕರೆಂಟು ಬಿಡ್ತಾ ಹೋಗ್ತೀವಿ. ಮಾತು ನಿಂತರೆ ಗಾಬರಿ ಆಗಬೇಡಿ," ಅಂದರು.

"ನಿನ್ನ ಮರಿ ಮಾರಿಬಿಟ್ಟೆ," ಅಂತ ಶುರು ಮಾಡಿದೆ.

"ಯಾವ ಮರಿ?"

"ಅದ, ಹರಕ ಕಿವೀದು."

"ಸುಳ್ಳು ಹೇಳಬ್ಯಾಡ. ಅದನ್ನ ಯಾರು ತೊಗೊಳ್ತಾರ? ಕಿವಿ ಹರದೈತಿ, ಕಾಲು ಡೊಂಕ ಐತಿ, ಮಲಗಿದ್ರ ನಿನ್ನಂಗ..."

ನಿಂತಿತು. ಬಾಯಿ ತೆರೆದೇ ಇತ್ತು, ಕಣ್ಣು ನನ್ನ ಮೇಲೇ ಇತ್ತು, ಮಾತು ಮಾತ್ರ ಇಲ್ಲ. ಡಾಕ್ಟರಮ್ಮ ಬೆರಳೆತ್ತಿದರು, ಎಳೆಯ ಕರೆಂಟು ನಿಲ್ಲಿಸಿದರು.

"...ಗೊರಕಿ ಹೊಡಿತೈತಿ," ಅಂದಳು ನನ್ನ ಮೊಮ್ಮಗಳು.

ಆ ಕೋಣೆಯಲ್ಲಿದ್ದವರಿಗೆ ಕನ್ನಡ ಬರುತ್ತಿರಲಿಲ್ಲ, ನಾನೊಬ್ಬನೇ ನಕ್ಕೆ. ಅವರು ಆ ಜಾಗಕ್ಕೆ ಗುರುತು ಹಾಕಿಕೊಂಡರು. ಆಮೇಲೆ ಫಿಟ್ಸ್ ಹುಟ್ಟುವ ಜಾಗದ ಎಳೆಯಲ್ಲಿ ಕರೆಂಟು ಬಿಟ್ಟರು. ಹುಡುಗಿ ಒಂದು ಸಲವೂ ತಡೆಯದೆ ನನ್ನ ಗೊರಕೆ, ನನ್ನ ಬೀಡಿ, ನನ್ನ ಜಿಪುಣತನ ಎಲ್ಲವನ್ನೂ ಹೇಳಿ ಮುಗಿಸಿದಳು.

"ಎರಡೂ ಬೇರೆ ಬೇರೆ," ಅಂದರು ಡಾಕ್ಟರಮ್ಮ. "ನಡುವೆ ಸ್ವಲ್ಪ ಜಾಗ ಇದೆ. ಅಷ್ಟು ಸಾಕು."

ಆಪರೇಶನ್ ಆಯಿತು. ಮೊದಲ ದಿನ ಬರೀ ಕಣ್ಣು ಬಿಟ್ಟಳು. ಮೆದುಳು ಊದಿಕೊಂಡಿರುತ್ತದೆ, ಮಾತು ಬರಲು ಹೊತ್ತಾಗಬಹುದು ಎಂದು ಹೇಳಿದ್ದರು. ಮರುದಿನ ಅವಳ ಮುಖದ ಮೇಲೆ ಬಗ್ಗಿ ಕೂತಿದ್ದೆ.

"ಯಾಕ... ಹಂಗ ನೋಡಾಕತ್ತಿ?" ಒಂದೊಂದೇ ಮಾತು ಹುಡುಕಿ ಹುಡುಕಿ ಅಂದಳು.

ಹೊರಗಿದ್ದ ಸೊಸೆಯನ್ನು ಕೂಗಿ ಕರೆದೆ.

ಗುಳಿಗೆ ಇನ್ನೂ ಇವೆ. ಫಿಟ್ಸ್ ಆಮೇಲೆ ಬಂದಿಲ್ಲ. ಊರಿಗೆ ಹೊರಟ ಬಸ್ಸಿನಲ್ಲಿ ಮಾತು ಶುರು ಮಾಡಿದವಳು ಕೋಸಗಿ ಬಂದರೂ ನಿಲ್ಲಿಸಲಿಲ್ಲ. ಮುಂದಿನ ಸೀಟಿನ ಹೆಣ್ಣುಮಗಳು ತಿರುಗಿ, "ಯಪ್ಪಾ, ಈ ಹುಡುಗಿ ಬಾಯಿಗೆ ಬ್ರೇಕ್ ಇಲ್ಲೇನು?" ಅಂದಳು.

"ಐತವ್ವ. ಎಲ್ಲೈತಿ ಅಂತ ಡಾಕ್ಟರು ಹುಡುಕಿ, ಮುಟ್ಟದ ಬಿಟ್ಟಾರ," ಅಂದೆ.

ಸೊಸೆ ಸಾಕು ಸುಮ್ಮನಿರು ಎಂದು ಮಗಳನ್ನು ಗದರಿದಳು. ನಾರಾಯಣಪೇಟೆ ದಾಟಿತು. ಮಕ್ತಲ್ ಬಸ್ ಸ್ಟ್ಯಾಂಡಿನಲ್ಲಿ ನನ್ನ ಮಗ ಕಾಯುತ್ತಿದ್ದ. ಅವಳು ಅಪ್ಪನ ಕೈ ಹಿಡಿದುಕೊಂಡು ಎಲ್ಲವನ್ನೂ ಮೊದಲಿಂದ ಹೇಳಲು ಶುರು ಮಾಡಿದಳು. ನಾನೂ ನಿಂತು ಮೊದಲಿಂದ ಕೇಳಿದೆ.